ಹಸಿ ಹಾಲು ಕುಡಿದರೆ ಕರುಳಿನ ಉರಿಯೂತ ಇಳಿಯುತ್ತದೆಯೇ?

ಪ್ರಶ್ನೆ: ನನಗೆ 33 ವರ್ಷ. ನಾಲ್ಕು ವರ್ಷದಿಂದ ಕ್ರೋನ್ಸ್ ಕಾಯಿಲೆ ಇದೆ. ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಉರಿಯೂತ ಅಂತ ಡಾಕ್ಟರ್ ಹೇಳಿದ್ದಾರೆ. ಅಝಥಿಯೋಪ್ರಿನ್ ಮಾತ್ರೆ, ಎರಡು ವಾರಕ್ಕೊಮ್ಮೆ ಅಡಲಿಮುಮ್ಯಾಬ್ ಇಂಜೆಕ್ಷನ್ ನಡೆಯುತ್ತಿದೆ. ಕಾಯಿಸಿದ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ, ಭೇದಿ ಆಗುತ್ತದೆ. ಪರಿಚಯದವರೊಬ್ಬರಿಗೂ ಇದೇ ಕಾಯಿಲೆ. ಕಾಯಿಸಿದರೆ ಹಾಲಿನ ಎನ್‌ಜೈಮು, ಒಳ್ಳೆಯ ಬ್ಯಾಕ್ಟೀರಿಯಾ ಎಲ್ಲ ಸತ್ತುಹೋಗುತ್ತವೆ, ಹಸಿ ಹಾಲು ಕುಡಿದರೆ ಕರುಳು ತಾನಾಗಿ ವಾಸಿಯಾಗುತ್ತದೆ ಎನ್ನುತ್ತಾರೆ ಅವರು. ಔಷಧಿಯನ್ನೇ ಬಿಟ್ಟಿದ್ದಾರಂತೆ. ನಾನೂ ಹತ್ತು ದಿನದಿಂದ ದಿನಾ ಒಂದು ಲೋಟ ಕುಡಿಯುತ್ತಿದ್ದೇನೆ. ಸ್ವಲ್ಪ ಹಗುರ ಅನಿಸುತ್ತಿದೆ. ಮುಂದುವರಿಸಬಹುದಾ? ಊಟದಲ್ಲಿ ಇನ್ನೇನು ಬದಲಿಸಬೇಕು?

ಉತ್ತರ: ಹಸಿ ಹಾಲನ್ನು ಇವತ್ತೇ ನಿಲ್ಲಿಸಿ. ಹಾಲನ್ನೇ ಬಿಡಬೇಕಾ ಅನ್ನುವುದು ಬೇರೆ ಪ್ರಶ್ನೆ, ಅದಕ್ಕೆ ಆಮೇಲೆ ಬರುತ್ತೇನೆ. ನೀವು ತೆಗೆದುಕೊಳ್ಳುತ್ತಿರುವ ಎರಡು ಔಷಧಿಗಳ ಹೆಸರು ಓದಿದ ಮೇಲೆ ಇಷ್ಟನ್ನು ಮೊದಲ ಸಾಲಿನಲ್ಲೇ ಹೇಳದೆ ಇರಲು ಆಗಲಿಲ್ಲ.

ಹೊಟ್ಟೆ ಉಬ್ಬರದಿಂದ ಶುರು ಮಾಡೋಣ. ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಇದೆ. ದೊಡ್ಡ ಲೋಟದಲ್ಲಿ, ಅಂದರೆ 250 ಮಿ.ಲೀ. ಹಾಲಿನಲ್ಲಿ, ಸುಮಾರು 12 ಗ್ರಾಂ. ಅದನ್ನು ಒಡೆಯಲು ಲ್ಯಾಕ್ಟೇಸ್ ಎಂಬ ಎನ್‌ಜೈಮು ಬೇಕು. ಈ ಎನ್‌ಜೈಮು ತಯಾರಾಗುವುದು ನಮ್ಮ ಸಣ್ಣ ಕರುಳಿನ ಒಳಪದರದಲ್ಲಿ. ಅನೇಕರಿಗೆ ಬಾಲ್ಯ ದಾಟುತ್ತಿದ್ದಂತೆ ಅದು ತಾನಾಗಿ ಕಡಿಮೆಯಾಗುತ್ತದೆ. ನಿಮಗೆ ಅದರ ಮೇಲೆ ಸಣ್ಣ ಕರುಳಿನಲ್ಲೇ ಕ್ರೋನ್ಸ್ ಇದೆ, ಹಾಗಾಗಿ ಇನ್ನೂ ಕಡಿಮೆ ಇರುವ ಸಾಧ್ಯತೆ ಜಾಸ್ತಿ. ಒಡೆಯದೆ ಉಳಿದ ಲ್ಯಾಕ್ಟೋಸ್ ದೊಡ್ಡ ಕರುಳಿಗೆ ಇಳಿಯುತ್ತದೆ. ಜೊತೆಗೆ ನೀರನ್ನೂ ಎಳೆದುಕೊಳ್ಳುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಗ್ಯಾಸು, ಗುಡುಗುಡು, ನೀರು ಭೇದಿ.

ಈಗ ನಿಮ್ಮ ಪರಿಚಯದವರ ಮಾತಿಗೆ ಬನ್ನಿ. ಹಸಿ ಹಾಲಿನಲ್ಲಿ ಎನ್‌ಜೈಮು ಇರುವುದು ಸುಳ್ಳಲ್ಲ. ಲೈಪೇಸ್ ಇದೆ, ಲ್ಯಾಕ್ಟೋಪೆರಾಕ್ಸಿಡೇಸ್ ಇದೆ, ಆಲ್ಕಲೈನ್ ಫಾಸ್ಫಟೇಸ್ ಇದೆ. ಆದರೆ ನಿಮಗೆ ಬೇಕಾದ ಲ್ಯಾಕ್ಟೇಸ್ ಮಾತ್ರ ಇಲ್ಲ. ಹಸುವಿನ ಕೆಚ್ಚಲು ಅದನ್ನು ಹಾಲಿಗೆ ಹಾಕುವುದಿಲ್ಲ. ಕರುವಿಗೆ ಅದರದೇ ಕರುಳಿನಲ್ಲಿ ಲ್ಯಾಕ್ಟೇಸ್ ಇರುತ್ತದಲ್ಲ! ಕಾಯಿಸಿದರೂ ಅಷ್ಟೇ ಲ್ಯಾಕ್ಟೋಸ್, ಕಾಯಿಸದಿದ್ದರೂ ಅಷ್ಟೇ ಲ್ಯಾಕ್ಟೋಸ್. ಇದನ್ನು ಮನುಷ್ಯರ ಮೇಲೆಯೇ ಪರೀಕ್ಷೆ ಮಾಡಿ ನೋಡಿದ್ದಾರೆ. ಅಮೆರಿಕದ ಸ್ಟ್ಯಾನ್‌ಫೋರ್ಡ್‌ನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಲ್ಯಾಕ್ಟೋಸ್ ಜೀರ್ಣವಾಗದ 16 ಜನರಿಗೆ ಎಂಟೆಂಟು ದಿನ ಹಸಿ ಹಾಲು, ಪಾಶ್ಚರೈಸ್ ಮಾಡಿದ, ಅಂದರೆ ಕಾಯಿಸಿ ರೋಗಾಣು ಕೊಂದ ಹಾಲು, ಸೋಯಾ ಹಾಲು ಸರದಿಯ ಮೇಲೆ ಕೊಟ್ಟು, ಒಡೆಯದ ಲ್ಯಾಕ್ಟೋಸ್‌ನಿಂದ ಹುಟ್ಟಿ ಉಸಿರಿನಲ್ಲಿ ಬರುವ ಹೈಡ್ರೋಜನ್ ಅಳೆದರು. ಲ್ಯಾಕ್ಟೋಸ್ ಜೀರ್ಣವಾಗುವ ವಿಷಯದಲ್ಲಿ ಹಸಿ ಹಾಲಿನಿಂದ ಏನೂ ಲಾಭ ಕಾಣಲಿಲ್ಲ. ಹದಿನಾರು ಜನ ಅಂದರೆ ಪುಟ್ಟ ಗುಂಪು, ಒಪ್ಪುತ್ತೇನೆ. ಆದರೆ ಲ್ಯಾಕ್ಟೇಸೇ ಇಲ್ಲದ ಹಾಲಿನಿಂದ ಬೇರೆ ಫಲಿತಾಂಶ ಬರಲು ದಾರಿಯಾದರೂ ಯಾವುದು?

ಹಾಗಾದರೆ ಹತ್ತು ದಿನದಲ್ಲಿ ನಿಮಗೆ ಹಗುರ ಅನಿಸಿದ್ದು ಭ್ರಮೆಯಾ? ನಾನು ಹಾಗೆ ಹೇಳುವುದಿಲ್ಲ. ದಿನಾ ಒಂದೇ ಪ್ರಮಾಣದಲ್ಲಿ ಹಾಲು ಕುಡಿಯುತ್ತಾ ಹೋದರೆ ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಲ್ಯಾಕ್ಟೋಸ್‌ಗೆ ಒಗ್ಗಿಕೊಳ್ಳುತ್ತವೆ, ಗ್ಯಾಸು ಕಡಿಮೆಯಾಗುತ್ತದೆ. ಕಾಯಿಸಿದ ಹಾಲನ್ನು ಅಷ್ಟೇ ಶಿಸ್ತಿನಿಂದ ಕುಡಿದಿದ್ದರೂ ಹೀಗೇ ಆಗುತ್ತಿತ್ತೇನೋ. ಇನ್ನೊಂದು ಕಾರಣ ಈ ಕಾಯಿಲೆಯ ಸ್ವಭಾವ. ಅದು ಏರುತ್ತದೆ, ಇಳಿಯುತ್ತದೆ. ತೀರಾ ಕೆಟ್ಟ ದಿನಗಳಲ್ಲೇ ನಾವು ಹೊಸದೇನನ್ನಾದರೂ ಹಿಡಿದುಕೊಳ್ಳುತ್ತೇವೆ. ಆಮೇಲೆ ಅದು ತಾನಾಗಿ ಇಳಿದರೂ ಹೆಸರು ಬರುವುದು ಆ ಹೊಸದಕ್ಕೆ. ಇದರ ಅಣ್ಣತಮ್ಮನಂಥ ಕಾಯಿಲೆ ಅಲ್ಸರೇಟಿವ್ ಕೊಲೈಟಿಸ್. ಅದರ ಔಷಧ ಪ್ರಯೋಗಗಳಲ್ಲಿ ಏನೂ ಮದ್ದಿಲ್ಲದ ಮಾತ್ರೆ ನುಂಗಿದವರಲ್ಲೂ ಸುಮಾರು ಮೂರರಲ್ಲಿ ಒಬ್ಬರಿಗೆ ಸ್ವಲ್ಪ ಮಟ್ಟಿಗೆ ಸುಧಾರಣೆ ಕಾಣುತ್ತದೆ. ಮತ್ತೆ, ಎರಡು ವಾರಕ್ಕೊಮ್ಮೆ ಚುಚ್ಚಿಸಿಕೊಳ್ಳುತ್ತಿರುವ ಆ ಇಂಜೆಕ್ಷನ್? ಪಾಪ, ಅದೂ ತನ್ನ ಕೆಲಸ ಮಾಡುತ್ತಲೇ ಇರುತ್ತದೆ ಅಲ್ವಾ.

ಇನ್ನು "ಒಳ್ಳೆಯ ಬ್ಯಾಕ್ಟೀರಿಯಾ". ಆರೋಗ್ಯವಾಗಿರುವ ಕೆಚ್ಚಲಿನ ಒಳಗಿನ ಹಾಲಿನಲ್ಲಿ ಬ್ಯಾಕ್ಟೀರಿಯಾ ತೀರಾ ಕಡಿಮೆ. ಲೋಟಕ್ಕೆ ಬರುವಷ್ಟರಲ್ಲಿ ಸೇರಿಕೊಳ್ಳುವುದೆಲ್ಲ ಮೊಲೆತೊಟ್ಟಿನ ಚರ್ಮದಿಂದ, ಬಾಲದ ಧೂಳಿನಿಂದ, ಕರೆಯುವ ಕೈಯಿಂದ, ಪಾತ್ರೆಯಿಂದ, ಕಣ್ಣಿಗೆ ಕಾಣದಷ್ಟು ಸಗಣಿಯಿಂದ. ಅದರಲ್ಲಿ ನಿರುಪದ್ರವಿಗಳೂ ಇರುತ್ತವೆ. ಕ್ಯಾಂಪಿಲೊಬ್ಯಾಕ್ಟರ್, ಸಾಲ್ಮೊನೆಲ್ಲಾ, ಇ. ಕೋಲಿ ಒ157, ಲಿಸ್ಟೀರಿಯಾ, ಬ್ರೂಸೆಲ್ಲಾ, ಹಸುವಿನ ಕ್ಷಯದ ರೋಗಾಣು, ಇವೂ ಇರಬಹುದು. "ನಮಗೆ ಗೊತ್ತಿರುವ ಹಸು, ತುಂಬಾ ಚೆನ್ನಾಗಿ ನೋಡಿಕೊಳ್ಳುತ್ತಾರೆ" ಎಂದು ಬಹಳ ಜನ ಹೇಳುತ್ತಾರೆ. ನಂಬುತ್ತೇನೆ. ಆದರೆ ಕ್ಯಾಂಪಿಲೊಬ್ಯಾಕ್ಟರ್ ಮತ್ತು ಇ. ಕೋಲಿ ಒ157 ಚೆನ್ನಾಗಿ ಮೇಯುವ, ಮೈಕೈ ತುಂಬಿಕೊಂಡಿರುವ ಹಸುವಿನ ಕರುಳಿನಲ್ಲೇ ಆರಾಮವಾಗಿ ಇರುತ್ತವೆ. ಹಸುವಿಗೆ ಅವುಗಳಿಂದ ಏನೂ ಆಗುವುದಿಲ್ಲ. ಇವತ್ತಿನ ಹಾಲಿನ ಪರೀಕ್ಷೆ ಸರಿ ಬಂದರೆ ಅದು ಇವತ್ತಿನ ಹಾಲಿಗೆ ಮಾತ್ರ. ಫ್ರಿಜ್‌ನಲ್ಲಿಟ್ಟರೆ ಸರಿಹೋಗುತ್ತದೆ ಅನ್ನುವಂತೆಯೂ ಇಲ್ಲ. ಲಿಸ್ಟೀರಿಯಾ ಫ್ರಿಜ್‌ನ ತಂಪಿನಲ್ಲೂ ಬೆಳೆಯುತ್ತದೆ. ಹಸಿ ಹಾಲಿಗೇ ಹೆಪ್ಪು ಹಾಕಿ ಮೊಸರು ಮಾಡಿದರೂ ಆ ಹುಳಿಗೆ ಎಲ್ಲವೂ ಸಾಯುತ್ತವೆ ಎಂಬ ಭರವಸೆ ಇಲ್ಲ.

ಈ ಅಪಾಯ ಹಸಿ ಹಾಲು ಕುಡಿಯುವ ಎಲ್ಲರಿಗೂ ಇದೆ. ನಿಮಗೆ ಜಾಸ್ತಿ ಯಾಕೆ ಅಂದರೆ ನಿಮ್ಮ ಔಷಧಿಗಳಿಂದಾಗಿ. ಕೆಲವು ರೋಗಾಣುಗಳು ನಮ್ಮ ಜೀವಕೋಶದ ಒಳಗೇ ಅಡಗಿ ಕೂರುತ್ತವೆ. ಲಿಸ್ಟೀರಿಯಾ, ಬ್ರೂಸೆಲ್ಲಾ, ಕ್ಷಯ ಎಲ್ಲ ಅದೇ ಜಾತಿ. ದೇಹ ಅವನ್ನು ಸುತ್ತುಗಟ್ಟಿ ಕಟ್ಟಿಹಾಕಲು ಬಳಸುವ ಮುಖ್ಯ ಸಂಕೇತಗಳಲ್ಲಿ ಒಂದು ಟಿಎನ್‌ಎಫ್. ನಿಮ್ಮ ಕರುಳಿನ ಉರಿಯೂತ ಉರಿಯುವುದೂ ಅದೇ ಟಿಎನ್‌ಎಫ್‌ನಿಂದ. ಅದಕ್ಕೇ ಅಡಲಿಮುಮ್ಯಾಬ್ ಅದನ್ನು ಹಿಡಿದು ನಿಲ್ಲಿಸುತ್ತದೆ. ಕರುಳಿಗೆ ಲಾಭ, ಕಾವಲಿಗೆ ನಷ್ಟ. ಇಂಜೆಕ್ಷನ್ ಶುರು ಮಾಡುವ ಮೊದಲು ನಿಮಗೆ ಕ್ಷಯದ ಪರೀಕ್ಷೆ ಮಾಡಿಸಿರಬೇಕಲ್ಲ? ಅದು ಇದೇ ಕಾರಣಕ್ಕೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರಲ್ಲಿ ಈ ಗುಂಪಿನ ಎಲ್ಲ ಔಷಧಿಗಳ ಮುಖ್ಯ ಎಚ್ಚರಿಕೆಯ ಚೌಕಟ್ಟಿನಲ್ಲಿ ಲಿಸ್ಟೀರಿಯಾದ ಹೆಸರನ್ನು ಸೇರಿಸಿತು. ಅಝಥಿಯೋಪ್ರಿನ್ ಜೊತೆಗಿದ್ದರೆ ರೋಗನಿರೋಧಕ ಶಕ್ತಿ ಇನ್ನೂ ಒಂದು ಮೆಟ್ಟಿಲು ಕೆಳಗೆ. ಬೇರೆಯವರಿಗೆ ಮೂರು ದಿನ ಹೊಟ್ಟೆ ಕೆಟ್ಟು ಹೋಗುವುದು ನಿಮಗೆ ರಕ್ತಕ್ಕೋ ಮಿದುಳಿನ ಪೊರೆಗೋ ಏರಬಹುದು.

ಇನ್ನೊಂದು ತೊಡಕು ಇದೆ, ಇದನ್ನು ನಾನು ನನ್ನ ಮೇಜಿನ ಎದುರೇ ನೋಡಿದ್ದೇನೆ. ಕೊಲೈಟಿಸ್ ಇರುವ ಒಬ್ಬರು ಎರಡು ವರ್ಷ ಚೆನ್ನಾಗಿದ್ದು, ಇದ್ದಕ್ಕಿದ್ದಂತೆ ದಿನಕ್ಕೆ ಹತ್ತು ಸಲ ರಕ್ತಭೇದಿ ಅಂತ ಬಂದರು. ಕರುಳಿನ ಉರಿಯೂತದ ಗುರುತಾದ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಸಿಕ್ಕಾಪಟ್ಟೆ ಏರಿತ್ತು. ಕಾಯಿಲೆ ಮರುಕಳಿಸಿದೆ ಅಂತಲೇ ಅಂದುಕೊಂಡೆ. ಸ್ಟಿರಾಯ್ಡ್ ಬರೆಯಲು ಚೀಟಿ ಎಳೆದುಕೊಂಡಿದ್ದೆ. ಆದರೂ ನಿಯಮದಂತೆ ಮಲದ ಪರೀಕ್ಷೆಗೆ ಕಳಿಸಿದೆ. ಬಂದದ್ದು ಕ್ಯಾಂಪಿಲೊಬ್ಯಾಕ್ಟರ್. ಹೊರಗಡೆ ಏನಾದರೂ ತಿಂದಿರಾ ಅಂತ ಮೊದಲೇ ಕೇಳಿದ್ದೆ, ಇಲ್ಲ ಅಂದಿದ್ದರು. ಮತ್ತೆ ಕೇಳಿದಾಗ, "ಹೊರಗಡೆ ಏನೂ ಇಲ್ಲ ಡಾಕ್ಟ್ರೇ, ಬೆಳಗ್ಗೆ ನೊರೆ ಹಾಲು ಒಂದೇ" ಅಂದರು. ಅವರ ಲೆಕ್ಕದಲ್ಲಿ ಅದು ಔಷಧಿ, ತಿಂಡಿಯ ಪಟ್ಟಿಗೇ ಬರುವುದಿಲ್ಲ. ತಪ್ಪು ನನ್ನದೇ. ಹಾಲಿನ ಬಗ್ಗೆ ಬಿಡಿಸಿ ಕೇಳಬೇಕಿತ್ತು. ಸೋಂಕಿನಿಂದ ಬಂದ ರಕ್ತಭೇದಿಯೂ ಕಾಯಿಲೆಯ ರಕ್ತಭೇದಿಯೂ ನೋಡಲು ಒಂದೇ. ಕ್ಯಾಲ್‌ಪ್ರೊಟೆಕ್ಟಿನ್ ಎರಡರಲ್ಲೂ ಏರುತ್ತದೆ. ಸೋಂಕಿನ ಮೇಲೆ ಸ್ಟಿರಾಯ್ಡ್ ಸುರಿದರೆ ಏನಾಗುತ್ತದೆ ಅಂತ ನೀವೇ ಊಹಿಸಿ.

ಇಷ್ಟೆಲ್ಲ ಅಪಾಯ ತಪ್ಪಿಸಲು ಎಷ್ಟು ಕಾವು ಬೇಕು ಗೊತ್ತಾ? 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು. ಪಾಶ್ಚರೈಸ್ ಮಾಡುವುದು ಅಂದರೆ ಅಷ್ಟೇ. ಮನೆಯಲ್ಲಿ ಒಲೆಯ ಮೇಲೆ ಹಾಲು ಉಕ್ಕಿ ಬರುವ ಹೊತ್ತಿಗೆ ನೀವು ಅದನ್ನು ದಾಟಿ ಎಷ್ಟೋ ಮುಂದೆ ಹೋಗಿರುತ್ತೀರಿ. ಕಳೆದುಕೊಳ್ಳುವುದು ಸ್ವಲ್ಪ ಸಿ ವಿಟಮಿನ್, ಸ್ವಲ್ಪ ಬಿ ಗುಂಪಿನ ವಿಟಮಿನ್. ಸಿ ವಿಟಮಿನ್‌ಗಾಗಿ ಯಾರೂ ಹಾಲು ಕುಡಿಯುವುದಿಲ್ಲ. ಕ್ಯಾಲ್ಸಿಯಂ ಎಲ್ಲಿಗೂ ಹೋಗುವುದಿಲ್ಲ. ಪ್ರೋಟೀನು ಸ್ವಲ್ಪ ಆಕಾರ ಬದಲಿಸುತ್ತದೆ, ಪೋಷಣೆಯ ಬೆಲೆ ಹಾಗೇ ಇರುತ್ತದೆ.

ಹಸಿ ಹಾಲಿನ ಪರ ಇರುವ ಒಂದು ಮಾತನ್ನು ಮುಚ್ಚಿಡಬಾರದು. ಯುರೋಪಿನಲ್ಲಿ ದನಕರುಗಳ ನಡುವೆ ಬೆಳೆದು ಕಾಯಿಸದ ಹಾಲು ಕುಡಿದ ಮಕ್ಕಳಲ್ಲಿ ಆಸ್ತಮಾ, ಅಲರ್ಜಿ ಕಡಿಮೆ ಎಂದು ದೊಡ್ಡ ಸಮೀಕ್ಷೆಗಳು ತೋರಿಸಿವೆ. ಕುತೂಹಲದ ವಿಷಯವೇ. ಆದರೆ ಅದು ಮಕ್ಕಳ ಆಸ್ತಮಾದ ಮಾತು. ಆಗಲೇ ಕರುಳಿನ ಉರಿಯೂತ ಇರುವ, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುವ ದೊಡ್ಡವರಿಗೆ ಅದನ್ನು ಅಂಟಿಸಲು ಬರುವುದಿಲ್ಲ. ಆ ಸಂಶೋಧಕರೂ ಹಸಿ ಹಾಲು ಕುಡಿಯಿರಿ ಎಂದು ಸಲಹೆ ಕೊಡಲಿಲ್ಲ.

ತಮಾಷೆ ಅಂದರೆ, ಕ್ರೋನ್ಸ್ ಬಗ್ಗೆ ಹಾಲಿನ ಮೇಲಿರುವ ಹಳೆಯ ಅನುಮಾನ ಇದರ ಉಲ್ಟಾ. ಜಾನುವಾರುಗಳಿಗೆ ಯೋನೀಸ್ ಎಂಬ ಕರುಳಿನ ಕಾಯಿಲೆ ಬರುತ್ತದೆ. ನೋಡಲು ಕ್ರೋನ್ಸ್ ತರಹವೇ. ಅದರ ರೋಗಾಣು ಹಾಲಿನಲ್ಲೂ ಬರುತ್ತದೆ, ಸ್ವಲ್ಪ ಕಾವನ್ನೂ ತಡೆದುಕೊಳ್ಳುತ್ತದೆ. ಅದರಿಂದಲೇ ಮನುಷ್ಯರಿಗೆ ಕ್ರೋನ್ಸ್ ಬರುತ್ತದಾ ಎಂದು ದಶಕಗಳಿಂದ ಚರ್ಚೆ ನಡೆದಿದೆ. ಆಸ್ಟ್ರೇಲಿಯಾದಲ್ಲಿ 213 ರೋಗಿಗಳಿಗೆ ಎರಡು ವರ್ಷದವರೆಗೆ ಆ ರೋಗಾಣುವಿನ ವಿರುದ್ಧ ಮೂರು ಆ್ಯಂಟಿಬಯೋಟಿಕ್ ಕೊಟ್ಟು ನೋಡಿದರು. 2007ರಲ್ಲಿ ಬಂದ ಫಲಿತಾಂಶದಲ್ಲಿ ನಿಲ್ಲುವಂಥ ಲಾಭ ಕಾಣಲಿಲ್ಲ. ನಂಟು ಸಾಬೀತಾಗಿಲ್ಲ, ನೀವು ಅದಕ್ಕೆ ಹೆದರಬೇಕಿಲ್ಲ. ಆದರೆ ಕ್ರೋನ್ಸ್‌ಗೆ ಹಸಿ ಹಾಲೇ ಮದ್ದು ಎನ್ನುವವರಿಗೆ ಈ ಕಥೆ ಗೊತ್ತಿರುವುದಿಲ್ಲ.

ಸರಿ, ಊಟ. ಆಹಾರದಿಂದ ಕ್ರೋನ್ಸ್ ಇಳಿಯುತ್ತದಾ? ಇಳಿಯುತ್ತದೆ, ಅದಕ್ಕೆ ಗಟ್ಟಿ ಪುರಾವೆ ಇದೆ. ಮಕ್ಕಳಿಗೆ ಆರರಿಂದ ಎಂಟು ವಾರ ಬೇರೆ ಏನೂ ಕೊಡದೆ ಬರೀ ಪೌಷ್ಟಿಕ ದ್ರವವನ್ನೇ ಕೊಡುತ್ತಾರೆ. ಹತ್ತರಲ್ಲಿ ಸುಮಾರು ಎಂಟು ಮಕ್ಕಳಲ್ಲಿ ಕಾಯಿಲೆ ತಣ್ಣಗಾಗುತ್ತದೆ, ಸ್ಟಿರಾಯ್ಡ್ ಇಲ್ಲದೆಯೇ. ಯುರೋಪಿನ ತಜ್ಞರ ಮಾರ್ಗಸೂಚಿಯಲ್ಲಿ ಮಕ್ಕಳ ಕ್ರೋನ್ಸ್‌ಗೆ ಇದು ಮೊದಲ ಸಾಲಿನ ಚಿಕಿತ್ಸೆ. ಆ ದ್ರವದಲ್ಲಿ ಏನಿರುತ್ತದೆ ಗೊತ್ತಾ? ಹೆಚ್ಚಿನವುಗಳಲ್ಲಿ ಪ್ರೋಟೀನು ಬರುವುದು ಹಾಲಿನಿಂದಲೇ. ಕಾರ್ಖಾನೆಯಲ್ಲಿ ಕಾಯಿಸಿ, ಒಣಗಿಸಿ, ಡಬ್ಬಿಗೆ ತುಂಬಿದ ಹಾಲಿನ ಪ್ರೋಟೀನು. "ಸತ್ತ ಹಾಲು" ಎಂದು ನಿಮ್ಮ ಪರಿಚಯದವರು ಯಾವುದನ್ನು ಕರೆಯುತ್ತಾರೋ ಅದೇ. ದೊಡ್ಡವರಿಗೆ ಇಷ್ಟು ಕಟ್ಟುನಿಟ್ಟು ಕಷ್ಟ. ರುಚಿ ಇಲ್ಲ, ಮನೆಯವರೆಲ್ಲ ಊಟಕ್ಕೆ ಕೂತಾಗ ಡಬ್ಬಿ ಹಿಡಿದು ಕೂರಬೇಕು. ಮೂರನೇ ದಿನಕ್ಕೇ ಕೈ ಚೆಲ್ಲುವವರು ಬೇಕಾದಷ್ಟು ಜನ.

ಹಾಗಾಗಿ ಅರ್ಧ ದ್ರವ, ಅರ್ಧ ಆಯ್ದ ಊಟ ಎಂಬ ದಾರಿ ಬಂತು. ಕ್ರೋನ್ಸ್ ಎಕ್ಸ್‌ಕ್ಲೂಶನ್ ಡಯಟ್ ಎನ್ನುತ್ತಾರೆ. 2019ರಲ್ಲಿ ಮಕ್ಕಳ ಮೇಲಿನ ಪ್ರಯೋಗದಲ್ಲಿ ಚೆನ್ನಾಗಿ ಕೆಲಸ ಮಾಡಿತು. ಇದರ ಮೊದಲ ಹಂತದಲ್ಲಿ ಹಾಲು, ಮೊಸರು, ಗೋಧಿ, ಪ್ಯಾಕೆಟ್ಟಿನ ತಿಂಡಿ ಯಾವುದೂ ಇಲ್ಲ. ಅನ್ನ, ಆಲೂಗಡ್ಡೆ, ಮೊಟ್ಟೆ, ಕೋಳಿ ಮಾಂಸ, ಬಾಳೆಹಣ್ಣು, ಸೇಬು ಇವುಗಳ ಸುತ್ತ ಊಟ ಕಟ್ಟುತ್ತಾರೆ. ಇದನ್ನು ಓದಿ ನೀವೇ ಶುರು ಮಾಡಬೇಡಿ. ಡಯಟಿಷಿಯನ್ ಜೊತೆಗಿಲ್ಲದಿದ್ದರೆ ತೂಕ ಇಳಿದು ಇನ್ನೊಂದು ತಾಪತ್ರಯ. ನಿಮಗೆ ಇಷ್ಟವಿದ್ದರೆ ನಿಮ್ಮ ಡಾಕ್ಟರ ಹತ್ತಿರ ಇದರ ಹೆಸರು ಹೇಳಿ ಕೇಳಿ.

ಎಸ್‌ಸಿಡಿ ಎಂದು ಕರೆಯುವ ಸ್ಪೆಸಿಫಿಕ್ ಕಾರ್ಬೋಹೈಡ್ರೇಟ್ ಡಯಟ್‌ನ ಹೆಸರೂ ನಿಮ್ಮ ಕಿವಿಗೆ ಬಿದ್ದೇ ಬೀಳುತ್ತದೆ. ಧಾನ್ಯವೇ ಇಲ್ಲದ ಕಠಿಣ ಪಥ್ಯ ಅದು. ಅಮೆರಿಕದಲ್ಲಿ ಸಾಧಾರಣ ಮಟ್ಟದ ಕ್ರೋನ್ಸ್ ಇರುವ ಸುಮಾರು 190 ದೊಡ್ಡವರಲ್ಲಿ ಅದನ್ನು ಮೆಡಿಟರೇನಿಯನ್ ಡಯಟ್ ಜೊತೆ ಹೋಲಿಸಿದರು. ಆರು ವಾರಕ್ಕೆ ಲಕ್ಷಣಗಳು ತಗ್ಗಿದವರು ಎಸ್‌ಸಿಡಿಯಲ್ಲಿ ಶೇ. 46.5, ಮೆಡಿಟರೇನಿಯನ್‌ನಲ್ಲಿ ಶೇ. 43.5. ಅಂದರೆ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ತರಕಾರಿ, ಹಣ್ಣು, ಬೇಳೆಕಾಳು, ಮೀನು, ಒಳ್ಳೆಯ ಎಣ್ಣೆ ಇರುವ ಸಾಧಾರಣ ಮನೆ ಊಟವೇ ಅಷ್ಟು ಕೆಲಸ ಮಾಡುವಾಗ ಸುಮ್ನೆ ಯಾಕೆ ನಾಲಿಗೆಗೆ ಶಿಕ್ಷೆ ಅನ್ನುವುದು ನನ್ನ ಅಭಿಪ್ರಾಯ.

ಒಂದು ಎಚ್ಚರಿಕೆ ಮಾತ್ರ. ಕ್ರೋನ್ಸ್‌ನಲ್ಲಿ ಕರುಳು ಕೆಲವು ಕಡೆ ಕಿರಿದಾಗಿರಬಹುದು. ನಿಮ್ಮ ಸ್ಕ್ಯಾನ್ ವರದಿಯಲ್ಲಿ ಸ್ಟ್ರಿಕ್ಚರ್ ಎಂಬ ಪದ ಇದೆಯಾ ನೋಡಿ. ಇದ್ದರೆ ಹಸಿ ತರಕಾರಿ, ಸಿಪ್ಪೆ, ಬೀಜ, ನಾರುನಾರಾದ ಸೊಪ್ಪಿನ ದಂಟು ಸಿಕ್ಕಿಕೊಂಡು ಹೊಟ್ಟೆ ಹಿಂಡಬಹುದು. ಸಿಪ್ಪೆ ತೆಗೆದು, ಮೆತ್ತಗೆ ಬೇಯಿಸಿ, ಬೇಕಾದರೆ ರುಬ್ಬಿ ತಿನ್ನಿ. ಆ ಪದ ಇಲ್ಲದಿದ್ದರೆ, ಕಾಯಿಲೆ ತಣ್ಣಗಿರುವಾಗ ನಾರಿನ ಪದಾರ್ಥ ಬಿಡುವ ಅಗತ್ಯ ಇಲ್ಲ. ಸಿಗರೇಟು ಸೇದುತ್ತಿದ್ದರೆ ಅದನ್ನು ಬಿಡುವುದು ಯಾವ ಪಥ್ಯಕ್ಕಿಂತಲೂ ದೊಡ್ಡದು.

ಈಗ ಹಾಲು. ಕ್ರೋನ್ಸ್ ಇದೆ ಅನ್ನುವ ಒಂದೇ ಕಾರಣಕ್ಕೆ ಎಲ್ಲರೂ ಹಾಲು ಬಿಡಬೇಕಿಲ್ಲ. ನಿಮಗೆ ತೊಂದರೆ ಆಗುತ್ತಿರುವುದರಿಂದ ಹೀಗೆ ಮಾಡಿ. ಎರಡು ವಾರ ಹಾಲು ಪೂರ್ತಿ ನಿಲ್ಲಿಸಿ. ಬೇರೆ ಏನನ್ನೂ ಬದಲಿಸಬೇಡಿ, ಇಲ್ಲದಿದ್ದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ಆಮೇಲೆ ಕಾಯಿಸಿದ ಹಾಲನ್ನು ಅರ್ಧ ಲೋಟ, ಊಟದ ಜೊತೆ ಕುಡಿಯಿರಿ. ಖಾಲಿ ಹೊಟ್ಟೆಯಲ್ಲಿ ಬೇಡ. ಮೂರು ನಾಲ್ಕು ದಿನ ಸರಿಹೋದರೆ ಒಂದು ಲೋಟಕ್ಕೆ ಏರಿಸಿ. ಲ್ಯಾಕ್ಟೋಸ್ ಆಗದವರಲ್ಲೂ ಹೆಚ್ಚಿನವರು ಒಂದು ಲೋಟವನ್ನು ಊಟದ ಜೊತೆ ತಡೆದುಕೊಳ್ಳುತ್ತಾರೆ. ಅಷ್ಟೂ ಆಗದಿದ್ದರೆ ಮೊಸರು ಇದೆ. ಹೆಪ್ಪಿನ ಬ್ಯಾಕ್ಟೀರಿಯಾ ಲ್ಯಾಕ್ಟೋಸ್‌ನ ಒಂದು ಪಾಲನ್ನು ಮೊದಲೇ ತಿಂದಿರುತ್ತವೆ, ಉಳಿದದ್ದನ್ನು ಒಡೆಯಲು ಹೊಟ್ಟೆಯೊಳಗೂ ಸಹಾಯ ಮಾಡುತ್ತವೆ. ಗಟ್ಟಿ ಚೀಸ್‌ನಲ್ಲಿ ಲ್ಯಾಕ್ಟೋಸ್ ಇಲ್ಲವೇ ಇಲ್ಲ ಅನ್ನಬಹುದು, ಆದರೆ ಅದೂ ಪಾಶ್ಚರೈಸ್ ಮಾಡಿದ ಹಾಲಿನದೇ ಇರಲಿ. ಲ್ಯಾಕ್ಟೋಸ್ ತೆಗೆದ ಹಾಲೂ ಸಿಗುತ್ತದೆ.

ಕೊಲೈಟಿಸ್ ಇರುವವರಿಗೆ ಒಂದು ಹಳೆಯ ಸುದ್ದಿ. 1960ರ ದಶಕದಲ್ಲಿ ಆಕ್ಸ್‌ಫರ್ಡ್‌ನ ವೈದ್ಯರು ಹಾಲು ಬಿಡಿಸಿ ನೋಡಿ, ಐದರಲ್ಲಿ ಒಬ್ಬರಿಗೆ ಅದರಿಂದ ಅನುಕೂಲ ಆಗಬಹುದು ಎಂದು ಬರೆದರು. ಇತ್ತೀಚೆಗೆ ಮಕ್ಕಳ ಮೇಲೆ ಮಾಡಿದ ಪ್ರಯೋಗದಲ್ಲಿ ಆ ಲಾಭ ಕಾಣಲಿಲ್ಲ. ಬಿಟ್ಟು ನೋಡುವುದರಲ್ಲಿ ತಪ್ಪಿಲ್ಲ, ಗುಣ ಕಾಣದಿದ್ದರೆ ಮತ್ತೆ ಶುರು ಮಾಡಬೇಕು. ಯಾಕೆಂದರೆ ಮೂಳೆ. ಸ್ಟಿರಾಯ್ಡ್ ಕೋರ್ಸುಗಳು, ಉರಿಯೂತ, ಡಿ ವಿಟಮಿನ್ ಕೊರತೆ ಮೂರೂ ಸೇರಿ ಮೂಳೆ ತಿನ್ನುತ್ತವೆ. ದಿನಕ್ಕೆ ಸುಮಾರು 1000 ಮಿ.ಗ್ರಾಂ. ಕ್ಯಾಲ್ಸಿಯಂ ಬೇಕು, ದೊಡ್ಡ ಲೋಟ ಹಾಲಿನಲ್ಲಿ 300 ಸಿಗುತ್ತದೆ. ಹಾಲು ಬಿಟ್ಟರೆ ಅದನ್ನು ಎಲ್ಲಿಂದ ತುಂಬಿಸುತ್ತೀರಿ ಎಂದು ಮೊದಲೇ ಯೋಚಿಸಿ. ನಿಮ್ಮ ಕಾಯಿಲೆ ಇರುವ ಜಾಗದಲ್ಲೇ ಬಿ12 ಹೀರಿಕೊಳ್ಳುವುದು. ಅದನ್ನೂ ಡಿ ವಿಟಮಿನ್ ಮತ್ತು ಕಬ್ಬಿಣದ ಅಂಶವನ್ನೂ ಪರೀಕ್ಷೆ ಮಾಡಿಸಿ ಎಷ್ಟು ದಿನ ಆಯಿತು?

ನಿಮ್ಮ ಪರಿಚಯದವರು ಔಷಧಿ ಬಿಟ್ಟು ಚೆನ್ನಾಗಿದ್ದಾರೆ ಅಂದಿರಿ. ಒಳ್ಳೆಯದೇ. ಆದರೆ ಅವರ ಕರುಳಿನ ಒಳಗೆ ಯಾರಾದರೂ ನೋಡಿದ್ದಾರಾ? ಕ್ರೋನ್ಸ್‌ನಲ್ಲಿ ಹೊಟ್ಟೆ ಸುಮ್ಮನಿದ್ದರೂ ಒಳಗೆ ಉರಿಯೂತ ನಡೆಯುತ್ತಲೇ ಇರಬಹುದು. ವರ್ಷಗಳ ನಂತರ ಕರುಳು ಕಿರಿದಾದಾಗಲೇ ಗೊತ್ತಾಗುವುದು. ನಿಮ್ಮ ಇಂಜೆಕ್ಷನ್ ವಿಷಯದಲ್ಲಿ ಇನ್ನೂ ಒಂದು ಸಮಸ್ಯೆ ಇದೆ. ಮಧ್ಯದಲ್ಲಿ ಬಿಟ್ಟರೆ ದೇಹ ಅದರ ವಿರುದ್ಧವೇ ಪ್ರತಿಕಾಯ ತಯಾರಿಸಿಕೊಂಡು, ಮತ್ತೆ ಶುರು ಮಾಡಿದಾಗ ಅದು ನಾಟದೇ ಹೋಗಬಹುದು.

ಕೊನೆಯದಾಗಿ, ಕುಡಿದು ಮುಗಿಸಿರುವ ಆ ಹತ್ತು ಲೋಟ. ಬಹುಶಃ ಏನೂ ಆಗುವುದಿಲ್ಲ, ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಡಿ. ಆದರೆ ದಿನಾಂಕಗಳನ್ನು ಒಂದು ಕಡೆ ಬರೆದಿಡಿ. ಕ್ಯಾಂಪಿಲೊಬ್ಯಾಕ್ಟರ್ ಸಾಮಾನ್ಯವಾಗಿ ಎರಡರಿಂದ ಐದು ದಿನದಲ್ಲೇ ಕಾಣಿಸಿಕೊಳ್ಳುತ್ತದೆ. ಬ್ರೂಸೆಲ್ಲಾ ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ತಿಂಗಳುಗಳು. ಲಿಸ್ಟೀರಿಯಾ 70 ದಿನದವರೆಗೂ ಕಾಯಬಹುದು. ಈ ಅವಧಿಯಲ್ಲಿ 38 ಡಿಗ್ರಿ ದಾಟುವ ಜ್ವರ, ಬಂದು ಹೋಗಿ ಮಾಡುವ ಜ್ವರ, ರಾತ್ರಿ ಬೆವರು, ಹೊಸ ಕೀಲುನೋವು, ಕುತ್ತಿಗೆ ಬಿಗಿತದ ಜೊತೆ ತಲೆನೋವು, ರಕ್ತಭೇದಿ, ಯಾವುದೇ ಬಂದರೂ ಮುಂದಿನ ಇಂಜೆಕ್ಷನ್ ತೆಗೆದುಕೊಳ್ಳುವ ಮೊದಲು ಡಾಕ್ಟರಿಗೆ ಫೋನ್ ಮಾಡಿ. ಜ್ವರ ಎಷ್ಟು ಎಂದು ಹೇಳುವುದಕ್ಕಿಂತ ಮೊದಲು ಹಸಿ ಹಾಲು ಕುಡಿದಿದ್ದೆ ಎಂದು ಹೇಳಿ. ಬ್ರೂಸೆಲ್ಲಾ ಅನುಮಾನ ಇದ್ದರೆ ಲ್ಯಾಬಿನವರಿಗೂ ಮುಂಚಿತವಾಗಿ ತಿಳಿಸಬೇಕಾಗುತ್ತದೆ, ಅದನ್ನು ಬೆಳೆಸುವಾಗ ಅವರಿಗೇ ಸೋಂಕು ತಗಲಬಹುದು.